ಎರಡನೇ ಕಾಲದ ಕೋರ್ಸ್: ಜಾಹೀರಾತು ನಂಬಬೇಡಿ, ಮಧ್ಯದ ಪಾಠಗಳನ್ನು ಬಿಡಬೇಡಿ

ಐದರಲ್ಲಿ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಕಿತ್ತಿದ್ದು ಜಾಹೀರಾತಿಗೆ, ಒಂದು ಸ್ಟಾರ್ ಕೊನೆಯ ಪಾಠಕ್ಕೆ.

ಕಾಲಕ್ಕೆ ಒಂದಕ್ಕಿಂತ ಜಾಸ್ತಿ ಆಯಾಮ ಇರಬಹುದು ಅನ್ನುವ ಫಿಸಿಕ್ಸ್ ಸಿದ್ಧಾಂತಗಳ ಮೇಲೆ ಮಾಡಿದ ರೆಕಾರ್ಡೆಡ್ ಕೋರ್ಸ್ ಇದು. ನಾನು ಬಿ.ಎಸ್‌ಸಿಯಲ್ಲಿ ಫಿಸಿಕ್ಸ್ ಓದಿದವಳು. ಈಗ ಕಂಪನಿಗಳ ಲೆಕ್ಕಪತ್ರ ಆಡಿಟ್ ಮಾಡುವುದು ಕೆಲಸ. ಒಂದು ಮೈನಸ್ ಚಿಹ್ನೆ ಸೇರಬಾರದ ಕಡೆ ಸೇರಿದರೆ ಎಷ್ಟು ರಾದ್ಧಾಂತ ಆಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಕೋರ್ಸ್ ಪೂರ್ತಿ ಅಂಥದ್ದೇ ಒಂದು ಮೈನಸ್ಸಿನ ಕಥೆ.

ಮೊದಲು ಜಾಹೀರಾತಿನ ತಕರಾರು ಮುಗಿಸಿಬಿಡುತ್ತೇನೆ. "ಲ್ಯಾಬಿನಲ್ಲಿ ಎರಡನೇ ಕಾಲ ಸಿಕ್ಕಿದೆ" ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಅವರು ಹೇಳುತ್ತಿರುವುದು 2022ರ ಕ್ವಾಂಟಮ್ ಕಂಪ್ಯೂಟರ್ ಪ್ರಯೋಗ. ಸಾಲಾಗಿ ನಿಲ್ಲಿಸಿದ 10 ಇಟರ್ಬಿಯಂ ಅಯಾನುಗಳ (ವಿದ್ಯುದಾವೇಶ ಇರುವ ಪರಮಾಣುಗಳ) ಮೇಲೆ, ಎರಡು ಲಯ ಬೆರೆತು ಒಂದೇ ಥರ ಮರುಕಳಿಸದ ಫಿಬೊನಾಚಿ ಕ್ರಮದಲ್ಲಿ ಲೇಸರ್ ಬಡಿತ ಕೊಟ್ಟರು. ಒಂದೇ ಲಯದ ಬಡಿತ ಕೊಟ್ಟಾಗ ತುದಿಯ ಅಯಾನುಗಳು ಸುಮಾರು 1.5 ಸೆಕೆಂಡ್ ತಮ್ಮ ಕ್ವಾಂಟಮ್ ಸ್ಥಿತಿ ಉಳಿಸಿಕೊಂಡಿದ್ದವು. ಫಿಬೊನಾಚಿ ಕ್ರಮದಲ್ಲಿ ಅದು ಸುಮಾರು 5.5 ಸೆಕೆಂಡಿಗೆ ಹೋಯಿತು. ಒಳ್ಳೆಯ ಪ್ರಯೋಗವೇ. ಆದರೆ ಅಲ್ಲಿ ಎರಡಾಗಿದ್ದು ಲಯದ ಲೆಕ್ಕ, ಕಾಲ ಅಲ್ಲ. ಲ್ಯಾಬಿನ ಗಡಿಯಾರ ಎಂದಿನಂತೆ ಒಂದೇ ದಾರಿಯಲ್ಲಿ ಓಡುತ್ತಿತ್ತು. ಪಾಠದ ಒಳಗೆ ಕೋರ್ಸ್ ಹೇಳಿಕೊಡುವ ಮೇಡಂ ಇದನ್ನು ಸರಿಯಾಗೇ ಹೇಳುತ್ತಾರೆ. ಹಾಗಿದ್ದ ಮೇಲೆ ಜಾಹೀರಾತು ಬರೆದವರು ಪಾಠ ನೋಡಿಯೇ ಇಲ್ಲ ಅಂತಾಯಿತು, ಅಲ್ವಾ?

ಮೊದಲ ಪಾಠ ಇತಿಹಾಸ. 1908ರಲ್ಲಿ ಮಿಂಕೋವ್‌ಸ್ಕಿ ಸ್ಥಳ ಕಾಲ ಎರಡನ್ನೂ ಒಂದೇ ಹಂದರಕ್ಕೆ ತಂದಿದ್ದು, 1921ರಲ್ಲಿ ಕಲುಜಾ ಐದನೇ ಆಯಾಮ ಸೇರಿಸಿದ್ದು, 1926ರಲ್ಲಿ ಕ್ಲೈನ್ ಅದನ್ನು ಪುಟ್ಟ ಸುರುಳಿಯಾಗಿ ಸುತ್ತಿಟ್ಟಿದ್ದು. ಗೊತ್ತಿದ್ದರೆ ದಾಟಿಸಿ ಮುಂದೆ ಹೋಗಿ.

ಕೋರ್ಸ್ ಶುರುವಾಗುವುದು ಎರಡನೇ ಪಾಠದಲ್ಲಿ. ದೂರ ಅಳೆಯುವ ಸೂತ್ರದಲ್ಲಿ ಸ್ಥಳದ ಮೂರು ದಿಕ್ಕಿಗೂ ಪ್ಲಸ್, ಕಾಲಕ್ಕೆ ಮಾತ್ರ ಮೈನಸ್. ಇನ್ನೊಂದು ಸ್ಥಳ ಸೇರಿಸಿದರೆ ಇನ್ನೊಂದು ಪ್ಲಸ್ ಬರುತ್ತದೆ, ಅದರಿಂದ ದೊಡ್ಡ ತೊಂದರೆ ಇಲ್ಲ. ಇನ್ನೊಂದು ಕಾಲ ಸೇರಿಸಿದರೆ ಇನ್ನೊಂದು ಮೈನಸ್. ಆಗ ಮೊದಲು ಕಳಚಿಕೊಳ್ಳುವುದು ಹಿಂದು ಮುಂದು. ಒಂದೇ ಕಾಲ ಇದ್ದಾಗ ಭವಿಷ್ಯದ ಕಡೆ ಹೊರಟವರು ಭೂತದ ಕಡೆ ತಿರುಗಬೇಕಾದರೆ ನಡುವೆ ಬೆಳಕಿಗಿಂತ ವೇಗವಾಗಿ ಹೋಗಲೇಬೇಕು. ಅದು ಆಗದ ಮಾತು, ಹಾಗಾಗಿ ಭೂತ ಬೇರೆ, ಭವಿಷ್ಯ ಬೇರೆ. ಎರಡು ಕಾಲ ಇದ್ದರೆ ಆ ಬೇಲಿಯೇ ಇರುವುದಿಲ್ಲ. ಒಂದು ಕಾಲದಿಂದ ಇನ್ನೊಂದರ ಕಡೆ ಸ್ವಲ್ಪ ಸ್ವಲ್ಪವೇ ಹೊರಳುತ್ತಾ, ಬೆಳಕಿನ ವೇಗ ದಾಟದೆಯೇ, ಪೂರ್ತಿ ಹಿಂದಕ್ಕೆ ಮುಖ ಮಾಡಬಹುದು. ಮೇಡಂ ಇದನ್ನು ಬೋರ್ಡಿನ ಮೇಲೆ ಕೈಯಲ್ಲೇ ಬಿಡಿಸಿ ತೋರಿಸುತ್ತಾರೆ. ಆನಿಮೇಷನ್ ಗಿನಿಮೇಷನ್ ಏನೂ ಇಲ್ಲ. ಇಲ್ಲದ್ದೇ ಒಳ್ಳೆಯದಾಯಿತು.

ಮೂರನೇ ಪಾಠಕ್ಕೆ ನಾನು ಪೂರ್ತಿ ದುಡ್ಡು ಕೊಡುತ್ತೇನೆ. ಅಲ್ಲಿರುವುದು ಒಂದು ಚಿಕ್ಕ ಲೆಕ್ಕ, ಇಲ್ಲೇ ಹೇಳಿಬಿಡುತ್ತೇನೆ. ಕಾಲ ಎರಡಾದರೆ ಶಕ್ತಿಗೂ ಎರಡು ಖಾನೆ. ಸುಮ್ನೆ ನಿಂತಿರುವ ಒಂದು ಕಣದ ಶಕ್ತಿ ಮೊದಲ ಖಾನೆಯಲ್ಲಿ 10, ಎರಡನೆಯದರಲ್ಲಿ 0 ಅಂದುಕೊಳ್ಳಿ. ಅದರ ದ್ರವ್ಯರಾಶಿಯೂ 10. ಈಗ ಅದು ಎರಡು ಚೂರಾಗುತ್ತದೆ. ಒಂದು ಚೂರಿಗೆ 5 ಮತ್ತು 12, ಇನ್ನೊಂದಕ್ಕೆ 5 ಮತ್ತು ಮೈನಸ್ 12. ಎರಡೂ ಖಾನೆ ಕೂಡಿ ನೋಡಿ: 10 ಮತ್ತು 0. ಲೆಕ್ಕ ತಾಳೆಯಾಯಿತು, ಶಕ್ತಿ ಎಲ್ಲೂ ಸೋರಿಲ್ಲ. ಆದರೆ ಒಂದೊಂದು ಚೂರಿನ ದ್ರವ್ಯರಾಶಿ? 5ರ ವರ್ಗ, 12ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 13. ಹತ್ತರ ಕಣ ಒಡೆದು ಹದಿಮೂರರ ಎರಡು ಕಣ! ಆಡಿಟ್‌ನಲ್ಲಿ ಇಂಥ ಪುಸ್ತಕ ಕೈಗೆ ಬಂದರೆ ಮಾಲೀಕರನ್ನು ಕರೆಸಿ ಕೂರಿಸಿಕೊಳ್ಳುತ್ತೇನೆ.

ಇದು ಬರೀ ಆಟದ ಲೆಕ್ಕ ಅಲ್ಲ. ಕಣಗಳ ದ್ರವ್ಯರಾಶಿ ಅಳೆಯುವ ಎಂಇವಿ ಮಾನದಲ್ಲಿ ಪ್ರೋಟಾನ್ 938.3, ನ್ಯೂಟ್ರಾನ್ 939.6. ಒಂಟಿಯಾಗಿ ಬಿಟ್ಟ ನ್ಯೂಟ್ರಾನ್ ಸರಾಸರಿ ಕಾಲು ಗಂಟೆಯೊಳಗೆ ಒಡೆದು ಪ್ರೋಟಾನ್ ಆಗುತ್ತದೆ. ಒಂಟಿ ಪ್ರೋಟಾನ್ ತನಗಿಂತ ಭಾರದ ನ್ಯೂಟ್ರಾನ್ ಆಗಲಾರದು. ಆಗಲಾರದು ಅನ್ನುವುದಕ್ಕೆ ಕಾರಣ ಕಾಲ ಒಂದೇ ಇರುವುದು. ಎರಡಾದರೆ ಆ ತಡೆ ಹೋಗುತ್ತದೆ, ಯಾವ ವಸ್ತುವೂ ನಿಂತಲ್ಲಿ ನಿಲ್ಲುವ ಭರವಸೆ ಇಲ್ಲ. ಈ ಮಾತನ್ನು ಡಾರ್ಲಿಂಗ್ ಅನ್ನುವವರು 1970ರಲ್ಲೇ ಬರೆದಿದ್ದರು. ನಾನು ಬಿ.ಎಸ್‌ಸಿ ಮುಗಿಸುವವರೆಗೂ ಒಬ್ಬರೂ ಹೇಳಿರಲಿಲ್ಲ.

ನಾಲ್ಕನೇ ಪಾಠ ಮುಂದೇನಾಗುತ್ತದೆ ಅಂತ ಲೆಕ್ಕ ಹಾಕಲು ಆಗುತ್ತದೋ ಇಲ್ಲವೋ ಅನ್ನುವುದರ ಬಗ್ಗೆ. 1997ರಲ್ಲಿ ಮ್ಯಾಕ್ಸ್ ಟೆಗ್ಮಾರ್ಕ್, ಕಾಲ ಒಂದಕ್ಕಿಂತ ಜಾಸ್ತಿ ಇದ್ದರೆ ಭವಿಷ್ಯ ಊಹಿಸುವುದೇ ಆಗದು, ಅಂಥ ಕಡೆ ನೋಡಿ ಯೋಚಿಸುವ ಜೀವಿಗಳೂ ಇರಲಾರವು ಅಂತ ವಾದಿಸಿದರು. 2009ರಲ್ಲಿ ವಾಲ್ಟರ್ ಕ್ರೇಗ್ ಮತ್ತು ಸ್ಟೀವನ್ ವೈನ್‌ಸ್ಟೈನ್, ಅಷ್ಟು ಬೇಗ ಬಾಗಿಲು ಹಾಕಬೇಡಿ ಅಂದರು. ಶುರುವಿನ ಮಾಹಿತಿಯ ಮೇಲೆ ಒಂದು ಗಟ್ಟಿ ಷರತ್ತು ಹಾಕಿದರೆ ಸಮೀಕರಣ ನೆಟ್ಟಗೆ ನಡೆಯುತ್ತದೆ ಅಂತ ತೋರಿಸಿದರು. ಇಲ್ಲಿ ಗಣಿತ ಸ್ವಲ್ಪ ಜಾಸ್ತಿಯಾಯಿತು. ನಾನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ಐದನೆಯದು ಇಟ್ಜಾಕ್ ಬಾರ್ಸ್ ಕೆಲಸದ ಮೇಲೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇವರು 1998ರ ಆಸುಪಾಸಿನಿಂದ ಎರಡು ಕಾಲದ ಫಿಸಿಕ್ಸ್ ಕಟ್ಟುತ್ತಾ ಬಂದವರು. ಮೇಲೆ ಹೇಳಿದ ಯಾವ ತೊಂದರೆಯನ್ನೂ ಇವರು ಮುಚ್ಚಿಡುವುದಿಲ್ಲ. ಕಣದ ಜಾಗ ಮತ್ತು ಅದರ ಸಂವೇಗ (ಮೊಮೆಂಟಮ್) ಎರಡನ್ನೂ ಪ್ರತಿ ಕ್ಷಣ ಅದಲು ಬದಲು ಮಾಡಿದರೂ ನಿಯಮ ಬದಲಾಗಬಾರದು ಅಂತ ಹಟ ಹಿಡಿಯುತ್ತಾರೆ. ಈ ಹಟ ಎಷ್ಟು ಬಿಗಿ ಅಂದರೆ, ಕಾಲ ಒಂದೇ ಇದ್ದರೆ ಹೇಳಿಕೊಳ್ಳುವಂಥ ಉತ್ತರವೇ ಉಳಿಯುವುದಿಲ್ಲ. ಮೂರಿದ್ದರೆ ಸಂಭವನೀಯತೆ ಸೊನ್ನೆಗಿಂತ ಕೆಳಗೆ ಇಳಿಯುವ ಕಾಟ ತಪ್ಪುವುದಿಲ್ಲ. ಸರಿಯಾಗಿ ಎರಡೇ ಬೇಕು. ಹೀಗೆ ನಾಲ್ಕು ಸ್ಥಳ, ಎರಡು ಕಾಲ, ಒಟ್ಟು ಆರು. ಅದರಲ್ಲಿ ಒಂದು ಸ್ಥಳ, ಒಂದು ಕಾಲವನ್ನು ಆ ನಿಯಮವೇ ಕಟ್ಟಿಹಾಕುತ್ತದೆ. ನಮಗೆ ಕಾಣುವುದು ಉಳಿದದ್ದರ ನೆರಳು. ನೆರಳು ಅನ್ನುವುದು ಬಾರ್ಸ್ ಅವರದ್ದೇ ಮಾತು. ಯಾವ ಕೋನದಿಂದ ನೋಡುತ್ತೀರಿ ಅನ್ನುವುದರ ಮೇಲೆ ಅದೇ ಆರು ಆಯಾಮದ ಕಣ ಒಮ್ಮೆ ಬೆಳಕಿನ ವೇಗದಲ್ಲಿ ಓಡುವ ಕಣದ ಹಾಗೆ ಕಾಣುತ್ತದೆ, ಇನ್ನೊಮ್ಮೆ ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ಹಾಗೆ. 2006ರಲ್ಲಿ ಸ್ಟ್ಯಾಂಡರ್ಡ್ ಮಾಡೆಲನ್ನೇ, ಅಂದರೆ ಮೂಲ ಕಣಗಳನ್ನು ವಿವರಿಸುವ ಈಗಿನ ಸಿದ್ಧಾಂತವನ್ನೇ, ಆರು ಆಯಾಮದಲ್ಲಿ ಬರೆದು ತೋರಿಸಿದರು. 1936ರಲ್ಲೇ ಡಿರಾಕ್ ಆರು ಆಯಾಮದ ಸಮೀಕರಣ ಬರೆದಿದ್ದರು. ಅವರಿಗೆ ಇಲ್ಲಿ ಸಿಕ್ಕಿದ್ದು ಒಂದೇ ವಾಕ್ಯ, ಅದು ನನಗೆ ಬೇಜಾರು.

ಕೊನೆಯ ಪಾಠ ಸಂತೆ. ಸ್ಟ್ರಿಂಗ್ ಥಿಯರಿಯ 10 ಆಯಾಮಕ್ಕೆ ಇನ್ನೆರಡು ಸೇರಿಸುವ ಕಮ್ರುನ್ ವಾಫಾ ಅವರ 1996ರ ಎಫ್ ಥಿಯರಿ, ಅದರ 12 ಆಯಾಮ. ಅದರಲ್ಲಿ ಜಾಸ್ತಿ ಬಂದ ಎರಡು ಆಯಾಮಗಳನ್ನು ನಾವು ಓಡಾಡುವ ದಿಕ್ಕಿನಂತೆ ನೋಡುವ ಹಾಗಿಲ್ಲ ಅನ್ನುವುದನ್ನು ಹೇಳಲೇ ಇಲ್ಲ. ಬೆಳಕಿಗಿಂತ ವೇಗವಾಗಿ ಹೋಗುವವರ ಕಣ್ಣಿಗೆ ಮೂರು ಕಾಲ, ಒಂದು ಸ್ಥಳ ಕಾಣುತ್ತದೆ ಅನ್ನುವ ಆಂಡ್ಜೆ ಡ್ರಾಗನ್ ತಂಡದ ಕೆಲಸ. ಕಾಲವೇ ಮೂರು ಆಯಾಮದ್ದು, ಸ್ಥಳ ಅದರ ಮೇಲೆ ಮೂಡಿದ್ದು ಅನ್ನುವ ಗುಂಥರ್ ಕ್ಲೆಟೆಚ್ಕಾ ಅವರ 2025ರ ಪ್ರಬಂಧ. ಎಲ್ಲಕ್ಕೂ ಒಂದೇ ತೂಕ, ಒಂದೇ ದನಿ. ಮೂರನೇ ಪಾಠದಲ್ಲಿ ಅಷ್ಟು ನಿಷ್ಠುರವಾಗಿ ಲೆಕ್ಕ ಕೇಳಿದವರು ಇಲ್ಲಿ ಒಬ್ಬರಿಗೂ ಲೆಕ್ಕ ಕೇಳುವುದಿಲ್ಲ. 10 ಒಡೆದು 13 ಆಗದಂತೆ ನೀವು ಏನು ಮಾಡಿದ್ದೀರಿ ಅಂತ ಒಂದೇ ಪ್ರಶ್ನೆ ಪ್ರತಿಯೊಬ್ಬರಿಗೂ ಹಾಕಿದ್ದರೆ ಸಾಕಿತ್ತು.

ಸರ್ವಿಸ್ ಬಗ್ಗೆ. ಆ್ಯಪ್ ಸಾಧಾರಣ, ವಿಡಿಯೋ ನಿಲ್ಲಿಸಿ ಮತ್ತೆ ತೆರೆದರೆ ಶುರುವಿನಿಂದ ಓಡುತ್ತದೆ. ನೋಟ್ಸ್ ಚೆನ್ನಾಗಿದೆ. ಸಂದೇಹ ಕೇಳುವ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ. "ಕ್ಲೈನ್ ಮಾಡಿದ ಹಾಗೆ ಎರಡನೇ ಕಾಲವನ್ನೂ ಪುಟ್ಟದಾಗಿ ಸುತ್ತಿಟ್ಟರೆ ಆಗುವುದಿಲ್ಲವೇ?" ಅಂತ ಕೇಳಿದ್ದೆ. ಉದ್ದವಾದ ಉತ್ತರ ಬಂತು. ಸುತ್ತಿಟ್ಟ ಸ್ಥಳದಲ್ಲಿ ಕಣ ಸುತ್ತಿದರೆ ಅದರ ದ್ರವ್ಯರಾಶಿಯ ವರ್ಗಕ್ಕೆ ಒಂದಿಷ್ಟು ಕೂಡುತ್ತದೆ, ಸುತ್ತಿಟ್ಟ ಕಾಲದಲ್ಲಿ ಸುತ್ತಿದರೆ ಅಷ್ಟು ಕಳೆಯುತ್ತದೆ. ಕಳೆದು ಕಳೆದು ವರ್ಗವೇ ಸೊನ್ನೆಗಿಂತ ಕೆಳಗೆ ಹೋದರೆ ಅದು ಟ್ಯಾಕಿಯಾನ್, ಬೆಳಕನ್ನು ಹಿಂದೆ ಹಾಕುವ ಕಣ. 1999ರಲ್ಲಿ ದ್ವಾಲಿ, ಗಬದಾದ್ಜೆ, ಸೆಂಜಾನೊವಿಚ್ ಇದರ ಪರಿಣಾಮಗಳನ್ನು ಲೆಕ್ಕ ಹಾಕಿದ್ದಾರಂತೆ. ಈ ಉತ್ತರವನ್ನೇ ಒಂದು ಪಾಠ ಮಾಡಬಹುದಿತ್ತು.

ವೆಕ್ಟರ್, ವರ್ಗಮೂಲ ಗೊತ್ತಿದ್ದರೆ ಮೊದಲ ಮೂರು ಪಾಠಕ್ಕೆ ತೊಂದರೆ ಇಲ್ಲ. ನಾಲ್ಕು, ಐದಕ್ಕೆ ಡಿಗ್ರಿ ಮಟ್ಟದ ಗಣಿತ ಬೇಕು. ಟೈಮ್ ಟ್ರಾವೆಲ್ ಆಸೆಯಿಂದ ಬರುವವರು ದುಡ್ಡು ಉಳಿಸಿಕೊಳ್ಳಿ. ಕೊನೆಯ ಪಾಠ ತಿದ್ದಿ ಮತ್ತೆ ಹಾಕುತ್ತೇವೆ ಅಂತ ನೋಟಿಸ್ ಹಾಕಿದ್ದಾರೆ. ಹಾಕಿದ ಮೇಲೆ ನೋಡಿ ಆ ಒಂದು ಸ್ಟಾರ್ ವಾಪಸ್ ಕೊಡುವ ವಿಚಾರ ಮಾಡುತ್ತೇನೆ. ಜಾಹೀರಾತಿನ ಅರ್ಧ ಮಾತ್ರ ಇಲ್ಲ.