ರಿಂಕ್ ವಾಲ್ನಟ್ ಗ್ರಿಪ್: ಮಂಗಳೂರಿನ ಬೆವರಿಗೂ ಜಾರದ ಮರ

10 ಮೀಟರ್ ಏರ್ ಪಿಸ್ತೂಲ್ ಶೂಟ್ ಮಾಡುವವರು ಬ್ಯಾರೆಲ್, ಟ್ರಿಗರ್ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಗ್ರಿಪ್, ಅಂದರೆ ಪಿಸ್ತೂಲಿನ ಹಿಡಿಯ ವಿಷಯ ಬಂದರೆ ಮಾತ್ರ, ಪಿಸ್ತೂಲ್ ಜೊತೆ ಬಂದದ್ದು ಇದೆಯಲ್ಲ, ಸಾಕು ಅಂತಾರೆ. ನಾನು ಒಪ್ಪಲ್ಲ. ಕೈಗೂ ಪಿಸ್ತೂಲಿಗೂ ನಡುವೆ ಇರುವುದು ಆ ಮರದ ತುಂಡು ಒಂದೇ. ಅದು ಕೈಗೆ ಕೂರದಿದ್ದರೆ ಟ್ರಿಗರ್ ಎಷ್ಟು ನಯವಾಗಿದ್ದರೂ ಗುರಿ ಅಲುಗಾಡುತ್ತದೆ.

ನನ್ನದು ಚಿಕ್ಕ ಕೈ, ಬೆರಳು ಗಿಡ್ಡ. ಪಿಸ್ತೂಲಿನ ಜೊತೆ ಬಂದಿದ್ದ ಮೀಡಿಯಂ ಗ್ರಿಪ್ ಹಿಡಿದರೆ ತೋರುಬೆರಳ ತುದಿ ಮಾತ್ರ ಟ್ರಿಗರ್ ಮುಟ್ಟುತ್ತಿತ್ತು. ಹಾಗೆ ಎಳೆದಾಗ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಪಕ್ಕಕ್ಕೆ ಹೋಗುತ್ತದೆ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ನೇರವಾಗಿ ಕೂರಬೇಕು, ಬೆರಳಿನ ಉಳಿದ ಭಾಗ ಮರಕ್ಕೆ ತಾಗಬಾರದು. ನಮ್ಮ ರೇಂಜಿನವರೊಬ್ಬರು ಜರ್ಮನಿಗೆ ಹೋಗಿದ್ದಾಗ ಅವರ ಕೈಯಲ್ಲಿ ರಿಂಕ್ ಗ್ರಿಪ್ ತರಿಸಿಕೊಂಡೆ. ಬೇರೆ ಬೇರೆ ಕಂಪನಿಗಳ ಪಿಸ್ತೂಲಿಗೆ ಗ್ರಿಪ್ ಮಾಡಿಕೊಡುವ ಜರ್ಮನಿಯವರು ಇವರು.

ಕೈಗೆ ತಗೊಂಡ ಕೂಡಲೇ ಇಷ್ಟವಾಗಿದ್ದು ಅದರ ಮೈ. ಕಂದು ಬಣ್ಣದ ವಾಲ್ನಟ್ (ಅಕ್ರೋಟು) ಮರ, ಅಲ್ಲಲ್ಲಿ ಕಪ್ಪು ಗೆರೆ. ಹಿಡಿಯುವ ಜಾಗದಲ್ಲೆಲ್ಲ ಸಣ್ಣ ಸಣ್ಣ ಚುಕ್ಕಿ ಕೊರೆದು ಎಳೆ ಗುಜ್ಜೆಯ (ಹಲಸಿನ ಕಾಯಿಯ) ಸಿಪ್ಪೆಯ ಹಾಗೆ ತರಿತರಿ ಮಾಡಿದ್ದಾರೆ. ಏಪ್ರಿಲ್-ಮೇನಲ್ಲಿ ಇಲ್ಲಿ ಫ್ಯಾನ್ ಕೆಳಗೆ ನಿಂತರೂ ಅಂಗೈ ಬೆವರುತ್ತದೆ, ಅಲ್ವಾ? ಆ ಬೆವರಲ್ಲೂ ಇದು ಜಾರುವುದಿಲ್ಲ. ವಾರ್ನಿಷ್ ಹೊಡೆದು ಮಿರಮಿರ ಮಿಂಚುವ ಗ್ರಿಪ್‌ಗಳು ನೋಡಲು ಚಂದ, ಹಿಡಿಯಲು ಅಲ್ಲ.

ಊರಲ್ಲೇ ಬೀಟೆ ಮರದಲ್ಲಿ ಮಾಡಿಸಬಾರದಾ ಅಂತ ತುಂಬ ಜನ ಕೇಳಿದ್ದಾರೆ. ಬೀಟೆ ವಾಲ್ನಟ್‌ಗಿಂತ ಭಾರ, ಗಟ್ಟಿ. ಅದರ ಧೂಳು ಕೆಲವರಿಗೆ ಮೈ ತುರಿಸುತ್ತದೆ, ಉಸಿರಿಗೂ ಒಳ್ಳೆಯದಲ್ಲ. ತೇಗದಲ್ಲಿ ಮರಳಿನ ಅಂಶ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ವಾಲ್ನಟ್ ಗಟ್ಟಿಯೂ ಹೌದು, ಅರ ಹಾಕಿದರೆ ಹೇಳಿದ ಮಾತು ಕೇಳುತ್ತದೆ, ಚೆನ್ನಾಗಿ ಒಣಗಿದ ಮೇಲೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ. ಬಂದೂಕಿನ ಹಿಡಿಗೆ ಕಾಲದಿಂದಲೂ ಇದನ್ನೇ ಬಳಸುವುದು ಅದಕ್ಕೇ.

ಗ್ರಿಪ್ ಯಾರದ್ದೇ ಇರಲಿ, ಕೊನೆಯ ಹದ ನಾವೇ ತರಬೇಕು. ಮರದ ಗ್ರಿಪ್ಪಿನ ದೊಡ್ಡ ಲಾಭವೇ ಅದು, ಬೇಡದ್ದನ್ನು ಕೆತ್ತಬಹುದು, ಬೇಕಾದಲ್ಲಿ ತುಂಬಬಹುದು. ನಾನು ಮಾಡುವುದು ಹೀಗೆ. ಅಂಗೈಗೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ, ಶೂಟ್ ಮಾಡುವಾಗಿನ ಹಾಗೇ ಗ್ರಿಪ್ ಹಿಡಿದು ಬಿಡುತ್ತೇನೆ. ಕಂದು ಮರದ ಮೇಲೆ ಬಿಳಿ ದಟ್ಟವಾಗಿ ಹತ್ತಿದ ಕಡೆ ಕೈ ಒತ್ತುತ್ತಿದೆ. ಏನೂ ಹತ್ತದ ಕಡೆ ಖಾಲಿ ಇದೆ. ನನಗೆ ಹೆಬ್ಬೆರಳಿನ ಬುಡದಲ್ಲಿ ಒತ್ತುತ್ತಿತ್ತು, ಅಂಗೈ ನಡುವಿನ ಗುಳಿಯಲ್ಲಿ ಖಾಲಿ ಇತ್ತು. ಒತ್ತುವ ಕಡೆ ದುಂಡನೆಯ ಅರ, ಆಮೇಲೆ 120ರ ಮರಳು ಕಾಗದ. ಉದುರಿದ ಮರದ ಪುಡಿ ಎಸೆಯಬೇಡಿ. ಅದನ್ನೇ ಅರಾಲ್ಡೈಟ್‌ಗೆ ಕಲಸಿ ಗುಳಿಯಲ್ಲಿ ತುಂಬಿದರೆ ಬಣ್ಣವೂ ಹೆಚ್ಚುಕಡಿಮೆ ಹೊಂದುತ್ತದೆ. ಒಂದು ರಾತ್ರಿ ಬಿಟ್ಟು ಉಜ್ಜಿ. ಎಲ್ಲ ಒಂದೇ ದಿನ ಮುಗಿಸಲು ಹೋಗಬೇಡಿ. ಸ್ವಲ್ಪ ತೆಗೆಯಿರಿ, ಶೂಟ್ ಮಾಡಿ, ಮತ್ತೆ ಪೌಡರ್ ಹಚ್ಚಿ ನೋಡಿ.

ಸರಿಯಾಯಿತಾ ಅಂತ ತಿಳಿಯಲು ಕಣ್ಣು ಮುಚ್ಚಿ ಖಾಲಿ ಪಿಸ್ತೂಲನ್ನು ಟಾರ್ಗೆಟ್ ಕಡೆ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಗುರಿ ನೋಡುವ ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ಮಧ್ಯದಲ್ಲೇ ನಿಂತಿದ್ದರೆ ಗ್ರಿಪ್ ನಿಮ್ಮದು. ಎಡಕ್ಕೋ ಬಲಕ್ಕೋ ವಾಲಿದ್ದರೆ ಮಣಿಕಟ್ಟು ತಿರುಗಿಸಿ ಸರಿ ಮಾಡಿಕೊಳ್ಳಬೇಡಿ, ಮರವನ್ನು ಸರಿ ಮಾಡಿ.

ಒಂದು ಎಚ್ಚರಿಕೆ. ಸ್ಪರ್ಧೆಗೆ ಹೋಗುವವರು ತುಂಬುವಾಗ ಸ್ಕೇಲ್ ಪಕ್ಕದಲ್ಲಿಟ್ಟುಕೊಳ್ಳಿ. ಐಎಸ್‌ಎಸ್‌ಎಫ್ ಅಂದರೆ ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದ ಪ್ರಕಾರ ಗ್ರಿಪ್ ಸೇರಿ ಇಡೀ ಪಿಸ್ತೂಲ್ 420×200×50 ಮಿಲಿಮೀಟರ್ ಪೆಟ್ಟಿಗೆಯೊಳಗೆ ಕೂರಬೇಕು, ತೂಕ 1,500 ಗ್ರಾಂ ದಾಟಬಾರದು. ಆ 50 ಮಿಲಿಮೀಟರ್ ದಪ್ಪವೇ ಕೈಕೊಡುವುದು. ಅಂಗೈ ಆನಿಸುವ ಪಾಮ್ ಶೆಲ್ಫ್ ಗ್ರಿಪ್ಪಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಾಗಿರಬಾರದು. ಮರ ಕೈಯನ್ನು ಸುತ್ತುವರಿಯುವಂತೆಯೂ ಇಲ್ಲ. ರಿಂಕ್‌ನ ಶೆಲ್ಫ್ ಸ್ಕ್ರೂ ಸಡಿಲಿಸಿ ಮೇಲೆ ಕೆಳಗೆ ಸರಿಸಬಹುದು. ಕೈಗೆ ಮೆಲ್ಲಗೆ ತಾಗುವಷ್ಟಿರಲಿ; ಬಿಗಿದರೆ ಅಂಗೈ ನೋಯುತ್ತದೆ, ಕೈ ನಡುಗಲು ಶುರು.

ಇನ್ನು ಆರೈಕೆ. ಕರಾವಳಿಯಲ್ಲಿ ಮರಕ್ಕೆ ಶತ್ರು ಬೆವರು, ಮಳೆಗಾಲ. ಅಭ್ಯಾಸ ಮುಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಆಮೇಲೆ ಪೆಟ್ಟಿಗೆಗೆ ಇಡುತ್ತೇನೆ. ಪೆಟ್ಟಿಗೆಯ ಫೋಮ್ ತೇವ ಹಿಡಿದರೆ ಜುಲೈನಲ್ಲಿ ಬೂಷ್ಟು ಗ್ಯಾರಂಟಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಚುಕ್ಕಿಗಳ ನಡುವೆ ಕೂತ ಕೊಳೆಗೆ ಒಣ ಹಲ್ಲುಜ್ಜುವ ಬ್ರಷ್ ಸಾಕು, ನೀರು ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಲೇಬೇಡಿ, ಮರ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗಾಗಿ ಗ್ರಿಪ್ ಸ್ಕ್ರೂ ಆಗಾಗ ನೋಡಿ. ಟಾರ್ಗೆಟ್ ಮೇಲೆ ಪೆಲೆಟ್ ಬೀಳುವ ಗುಂಪು ಇದ್ದಕ್ಕಿದ್ದಂತೆ ಚದುರಿದರೆ ಸೈಟ್ ತಿರುಗಿಸುವ ಮೊದಲು ಆ ಸ್ಕ್ರೂ ಮುಟ್ಟಿ ನೋಡಿ.

ಎಣ್ಣೆ ಅಂದರೆ ನಮ್ಮೂರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ! ಗ್ರಿಪ್ಪಿಗೆ ಅದು ಬೇಡ. ತೆಂಗಿನೆಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಉಳಿದು ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಮರದಲ್ಲೇ ಗಟ್ಟಿಯಾಗುತ್ತದೆ. ಅರ ಹಾಕಿ ಬೆತ್ತಲಾದ ಜಾಗಕ್ಕೆ ಬಟ್ಟೆಯಲ್ಲಿ ಎರಡೇ ಹನಿ, ತಿಕ್ಕಿ, ಹೆಚ್ಚಾದದ್ದು ಒರೆಸಿ, ಪೂರ್ತಿ ಒಣಗಲು ಬಿಡಿ. ಆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಹಾಕಿ.

ದುಬಾರಿಯಾ? ಹೌದು. ಈಗಷ್ಟೇ ಶುರು ಮಾಡಿದ ಮಕ್ಕಳಿಗೆ ಕೊಡಿಸುವ ಆತುರ ಬೇಡ, ಕೈ ಇನ್ನೂ ಬೆಳೆಯುತ್ತಿರುತ್ತದೆ. ಇರುವ ಗ್ರಿಪ್ಪನ್ನೇ ಪೌಡರ್ ಹಚ್ಚಿ ಹದ ಮಾಡಿಕೊಡಿ. ಕೈ ಅಳತೆ ಸಾಮಾನ್ಯ ಸೈಜಿಗೆ ಹೊಂದದ ದೊಡ್ಡವರಾದರೆ ಹೊಸ ಪಿಸ್ತೂಲಿಗೆ ದುಡ್ಡು ಸುರಿಯುವ ಮೊದಲು ಇದನ್ನು ನೋಡಿ. ಆರ್ಡರ್ ಮಾಡುವಾಗ ಪಿಸ್ತೂಲಿನ ಮಾಡೆಲ್, ಕೈಯ ಅಳತೆ, ಬಲಗೈಯಾ ಎಡಗೈಯಾ ಅನ್ನುವುದನ್ನು ಸರಿಯಾಗಿ ಬರೆಯಿರಿ.