ಹೊಸ ರೌಟರ್ ಇದ್ದರೂ ವೈ-ಫೈ ಕಡಿಯುತ್ತಿದೆಯೇ? ಸೆಟ್ಟಿಂಗ್, ರಿಪೀಟರ್, ಮೆಶ್, ಕೇಬಲ್: ನಾಲ್ಕನ್ನೂ ಹಾಕಿ ನೋಡಿದಾಗ

ವೈ-ಫೈ 6 ರೌಟರ್ ಬಂದ ಮೇಲೂ ವಿಡಿಯೋ ಕಾಲ್‌ನಲ್ಲಿ ಮುಖ ನಿಂತುಬಿಡುತ್ತದೆ, ಮೊಬೈಲಿನಲ್ಲಿ ಸಿಗ್ನಲ್ ಪೂರ್ತಿ ತೋರಿಸಿದರೂ ಪೇಜ್ ತೆರೆಯುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ನಾಲ್ಕು ಮದ್ದು ಹೇಳುತ್ತಾರೆ: ರೌಟರಿನ ಸೆಟ್ಟಿಂಗ್ ಬದಲಿಸುವುದು, ಸಿಗ್ನಲ್ ಹಿಡಿದು ಮತ್ತೆ ಹರಡುವ, ಪ್ಲಗ್‌ಗೆ ಸಿಕ್ಕಿಸುವ ರಿಪೀಟರ್, ಒಟ್ಟಾಗಿ ಒಂದೇ ವೈ-ಫೈ ಹರಡುವ ಎರಡು ಡಬ್ಬಿಯ ಮೆಶ್, ಇಲ್ಲವೇ ಕೇಬಲ್ ಎಳೆದು ಮೇಲೆ ಇನ್ನೊಂದು ರೌಟರ್ ಇಡುವುದು. ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿಯ ಎರಡಂತಸ್ತಿನ ಮನೆ, ಮುಂಬಾಗಿಲ ಪಕ್ಕದಲ್ಲೇ ಫೈಬರ್ ಡಬ್ಬಿ (ಹೊರಗಿನ ಫೈಬರ್ ಲೈನು ಬಂದು ಸೇರುವ ಪೆಟ್ಟಿಗೆ). ಇಂಥ ಒಂದೇ ಮನೆಯಲ್ಲಿ, ಒಂದೇ ಲೈನಿನ ಮೇಲೆ ನಾಲ್ಕನ್ನೂ ಹಾಕಿ, ತೆಗೆದು ನೋಡಿದ ಹೋಲಿಕೆ ಇದು. ಪೈಸೆ ಖರ್ಚಿಲ್ಲದ ಮೊದಲನೆಯದು ಮತ್ತು ಗೋಡೆಗೆ ಕೈ ಹಾಕಬೇಕಾದ ನಾಲ್ಕನೆಯದು, ಇವೆರಡೇ ಪೂರ್ತಿ ನಂಬಿಕೆಗೆ ಬಂದವು. ನಡುವಿನ ಎರಡು ಷರತ್ತಿನ ಮೇಲೆ ಕೆಲಸ ಮಾಡುತ್ತವೆ.

ಮೊದಲು, ಕಡಿಯುತ್ತಿರುವುದು ಯಾವುದು?

ಲ್ಯಾಪ್‌ಟಾಪಿನಲ್ಲಿ ವಿಂಡೋಸ್‌ನ ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿಗಳನ್ನು ಅಕ್ಕಪಕ್ಕ ತೆರೆಯಿರಿ. ಒಂದರಲ್ಲಿ ರೌಟರಿನ ವಿಳಾಸಕ್ಕೆ (ಬಹುತೇಕ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ ಹಚ್ಚಿ. ಪಿಂಗ್ ಎಂದರೆ ಆ ವಿಳಾಸದಿಂದ ಉತ್ತರ ಎಷ್ಟು ಬೇಗ ಬರುತ್ತದೆಂದು ಅಳೆಯುವ ಕಮಾಂಡ್; ping ಎಂದು ಬರೆದು, ಸ್ಥಳ ಬಿಟ್ಟು ವಿಳಾಸ ಕೊಡಬೇಕು. ಕೊನೆಯಲ್ಲಿ ಒಂದು ಸ್ಥಳ ಬಿಟ್ಟು ಹೈಫನ್ ಮತ್ತು ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಅದು ಓಡುತ್ತಿರುತ್ತದೆ. ಹಾಗೇ ಬಿಟ್ಟು ಎಂದಿನ ಕೆಲಸ ಮಾಡಿ. ನೆಟ್ ನಿಂತ ಗಳಿಗೆಯಲ್ಲಿ ಕಿಟಕಿ ನೋಡಿ. ರೌಟರ್ 3, 4, 3 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಲೇ ಇದ್ದು, 8.8.8.8ರ ಕಡೆ ಮಾತ್ರ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಸಾಲುಗಳು ಬರುತ್ತಿದ್ದರೆ ವೈ-ಫೈ ಚೆನ್ನಾಗಿದೆ, ಕೈ ಕೊಟ್ಟಿರುವುದು ಹೊರಗಿನ ಲೈನು. ಆಗ ಎಷ್ಟೇ ದುಬಾರಿ ಮೆಶ್ ತಂದರೂ ಅದು ದಂಡ. ಎರಡೂ ಕಿಟಕಿಗಳಲ್ಲಿ ಒಟ್ಟಿಗೆ ಕಡಿದರೆ, ಅಥವಾ ರೌಟರಿನ ಉತ್ತರವೇ 3ರಿಂದ 400, 900 ಮಿಲಿಸೆಕೆಂಡಿಗೆ ಹಾರುತ್ತಿದ್ದರೆ, ತೊಂದರೆ ಮನೆಯ ಒಳಗಿದೆ.

ಲೈನಿನದ್ದೇ ತೊಂದರೆಯಾದರೆ ಫೈಬರ್ ಡಬ್ಬಿಯ ಪುಟದಲ್ಲಿ (ಅದರ ವಿಳಾಸವನ್ನು ಬ್ರೌಸರಿನಲ್ಲಿ ಕೊಟ್ಟರೆ ತೆರೆಯುತ್ತದೆ) ಆಪ್ಟಿಕಲ್ ರಿಸೀವ್ ಪವರ್, ಅಂದರೆ ಫೈಬರಿನಿಂದ ಬರುವ ಬೆಳಕಿನ ಬಲ ನೋಡಿ. ಮನೆಗಳಿಗೆ ಬರುವ ಸಾಮಾನ್ಯ ಬಗೆಯ ಫೈಬರ್ ಲೈನಿಗೆ (ಜಿಪಾನ್) ಅದು ಮೈನಸ್ 8 ಮತ್ತು ಮೈನಸ್ 27 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ನಡುವೆ ಇರಬೇಕು. ಮೈನಸ್ 28, 29ಕ್ಕೆ ಇಳಿದಿದ್ದರೆ ಫೈಬರ್ ಎಲ್ಲೋ ತೀರಾ ಮಡಚಿರಬಹುದು ಅಥವಾ ಹಸಿರು ಕನೆಕ್ಟರಿನ ತುದಿಗೆ ಕೊಳೆ ಕೂತಿರಬಹುದು. ದೂರು ಕೊಡುವಾಗ ಈ ಅಂಕಿಯನ್ನೇ ಹೇಳಿ, ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಉತ್ತರ ತಪ್ಪುತ್ತದೆ.

ರೌಟರಿನ ಪುಟದಲ್ಲಿ ‘ಅಪ್‌ಟೈಮ್’ ಎಂದೂ ಇರುತ್ತದೆ. ನೀವು ಮುಟ್ಟದೇ ಇದ್ದರೂ ಅದು ಹತ್ತು ನಿಮಿಷ ತೋರಿಸಿದರೆ ರೌಟರ್ ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿದೆ. ಕರೆಂಟ್ ಹೋಗುವ ಊರುಗಳಲ್ಲಿ ಇದಕ್ಕೆ ಮಿನಿ ಯುಪಿಎಸ್ ಕಾರಣವಾಗುವುದುಂಟು. ರೌಟರಿನ ಅಡಾಪ್ಟರ್ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದ್ದು, ಯುಪಿಎಸ್ 1 ಆಂಪಿಯರ್ ಮಾತ್ರ ಕೊಟ್ಟರೆ ಸುಮ್ಮನಿದ್ದಾಗ ಎಲ್ಲಾ ಸರಿ, ಐದಾರು ಸಾಧನಗಳು ಒಟ್ಟಿಗೆ ಎಳೆದಾಗ ರೌಟರ್ ಬೀಳುತ್ತದೆ. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಸಮ ಅಥವಾ ಹೆಚ್ಚಿರಬೇಕು.

ದಾರಿ ಒಂದು: ಸೆಟ್ಟಿಂಗ್

ಹೊಸ ರೌಟರುಗಳು ಪೆಟ್ಟಿಗೆಯಿಂದ ಹೊರಬರುವಾಗಲೇ ವೇಗದ ಅಂಕಿ ದೊಡ್ಡದಾಗಿ ಕಾಣುವಂತೆ ಹೊಂದಿಸಿರುತ್ತವೆ, ಸ್ಥಿರತೆಗಲ್ಲ. ರೌಟರ್ ಮಾತಾಡುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡುಗಳಲ್ಲಿ; ಪ್ರತಿ ಬ್ಯಾಂಡಿನೊಳಗಿನ ನಂಬರು ಹಾಕಿದ ಓಣಿಗಳೇ ಚಾನೆಲ್. ಅತಿ ಹೆಚ್ಚು ಕಾಟ ಕೊಡುವುದು 5 ಗಿಗಾಹರ್ಟ್ಸ್‌ನಲ್ಲಿ ಹಲವು ಚಾನೆಲ್ ಒಟ್ಟಿಗೆ ಹಿಡಿಯುವ 160 ಮೆಗಾಹರ್ಟ್ಸ್ ಅಗಲ. ಚಾನೆಲ್ 36ರಿಂದ 64ರವರೆಗೆ ಹರಡಿದಾಗ ಅದರ ಅರ್ಧ, ಅಂದರೆ 52ರಿಂದ 64, ರೇಡಾರ್ ಜೊತೆ ಹಂಚಿಕೊಂಡ ಜಾಗ. ರೇಡಾರ್ ಇದೆ ಎಂದು ರೌಟರಿಗೆ ಅನಿಸಿದರೆ (ಸುಳ್ಳು ಸುಳಿವಾದರೂ ಸರಿ) ಅದು ತಕ್ಷಣ ಆ ಜಾಗ ಬಿಡಬೇಕು, ಅಂಥದೇ ಇನ್ನೊಂದು ಚಾನೆಲ್ ಹಿಡಿಯುವ ಮೊದಲು ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕೇಳಬೇಕು. ಇದರ ಗುರುತು ಸ್ಪಷ್ಟ: 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಿಂದಲೇ ಮಾಯವಾಗಿ ಒಂದು ನಿಮಿಷದ ಮೇಲೆ ವಾಪಸ್ ಬರುತ್ತದೆ, 2.4 ಮಾತ್ರ ಉಳಿದಿರುತ್ತದೆ. 80 ಮೆಗಾಹರ್ಟ್ಸ್‌ಗೆ ಇಳಿಸಿ, ಚಾನೆಲ್ಲನ್ನು 36 ಅಥವಾ 149ಕ್ಕೆ ಕಟ್ಟಿಹಾಕಿ. ಸ್ಪೀಡ್ ಟೆಸ್ಟಿನ ತುದಿ ಅಂಕಿ ಕಡಿಮೆಯಾಗುತ್ತದೆ, ಆದರೆ 100 ಅಥವಾ 200 ಎಂಬಿಪಿಎಸ್ ಪ್ಲಾನ್ ಇರುವ ಮನೆಗೆ ಅದು ತಿಳಿಯುವುದೇ ಇಲ್ಲ.

2.4 ಗಿಗಾಹರ್ಟ್ಸ್‌ನಲ್ಲಿ ಅಗಲ 20, ಚಾನೆಲ್ 1, 6 ಅಥವಾ 11. ಅಪಾರ್ಟ್‌ಮೆಂಟಿನಲ್ಲಿ ಮೂರೂ ತುಂಬಿವೆ, 3 ಖಾಲಿ ಇದೆ ಎಂದು ಅದನ್ನು ಹಿಡಿಯುವುದು ದೊಡ್ಡ ತಪ್ಪು. 3ರಲ್ಲಿ ಕೂತರೆ 1ರವರ ಗದ್ದಲವೂ 6ರವರ ಗದ್ದಲವೂ ನಿಮಗೇ. ಒಂದೇ ಚಾನೆಲ್ಲಿನಲ್ಲಿರುವ ರೌಟರುಗಳು ಸರದಿ ಕಾಯ್ದುಕೊಂಡು ಮಾತಾಡುತ್ತವೆ, ಅರ್ಧ ಮೇಲೆ ಬಿದ್ದವು ಒಂದಕ್ಕೊಂದು ಬರೀ ಸದ್ದು.

ಒಂದೇ ಹೆಸರೋ, ಎರಡು ಹೆಸರೋ? ‘ಸ್ಮಾರ್ಟ್ ಕನೆಕ್ಟ್’ ಆನ್ ಇದ್ದರೆ ಎರಡೂ ಬ್ಯಾಂಡಿಗೆ ಒಂದೇ ಹೆಸರು, ಯಾವುದಕ್ಕೆ ಹೋಗಬೇಕೆಂದು ರೌಟರ್ ದೂಡುತ್ತದೆ. ಗಡಿಯಲ್ಲಿರುವ ಕೋಣೆಯಲ್ಲಿ ಫೋನು 5ರಿಂದ 2.4ಕ್ಕೆ, ಮತ್ತೆ 5ಕ್ಕೆ ಎಂದು ಉಯ್ಯಾಲೆಯಾಡುತ್ತದೆ, ಪ್ರತಿ ಸಲವೂ ಕಾಲ್ ತಡವರಿಸುತ್ತದೆ. ಹೆಸರು ಬೇರೆ ಮಾಡಿದಾಗ ಇದು ಪೂರ್ತಿ ನಿಂತಿತು. ಸ್ಮಾರ್ಟ್ ಪ್ಲಗ್, ಹಳೆಯ ಪ್ರಿಂಟರ್‌ಗಳೂ 2.4ರಲ್ಲಿ ನೆಮ್ಮದಿಯಾಗಿ ಕೂತವು. ಎರಡು ಹೆಸರಿನ ಕೊರತೆ ಒಂದೇ: ಮಹಡಿ ಹತ್ತುವಾಗ ಫೋನು ಸಾಯುತ್ತಿರುವ 5ನ್ನೇ ಕಚ್ಚಿಕೊಂಡಿರುತ್ತದೆ, ಕೈಯಾರೆ ಬದಲಿಸಬೇಕು.

ಸೆಕ್ಯೂರಿಟಿ (ವೈ-ಫೈ ಕಾಯುವ ವಿಧಾನ) ಬರೀ ಹೊಸದಾದ ಡಬ್ಲ್ಯೂಪಿಎ3 ಎಂದಿದ್ದರೆ ಹಳೆಯ ಸಾಧನಗಳು ಸೇರುವುದೇ ಇಲ್ಲ. ಹಳೆಯ ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡೂ ಬೆರೆತ ಮೋಡ್‌ನಲ್ಲೂ ಕೆಲವು ಪ್ಲಗ್‌ಗಳು ಒದ್ದಾಡುತ್ತವೆ, ಅವು ಇರುವ 2.4 ಹೆಸರಿಗೆ ಡಬ್ಲ್ಯೂಪಿಎ2 ಎಇಎಸ್ ಇಟ್ಟರೆ ಸಾಕು. ಹಳೆಯ ಇಂಟೆಲ್ ಕಾರ್ಡಿನ ಲ್ಯಾಪ್‌ಟಾಪಿಗೆ ಹೊಸ ರೌಟರಿನ ಹೆಸರೇ ಕಾಣದಿದ್ದರೆ ಮೊದಲು ಅದರ ಡ್ರೈವರ್ ಹೊಸದು ಮಾಡಿ. ರೌಟರಿಗೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ತೆಗೆದು ನೋಡಿ. ಅದರ ಸದ್ದು 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತದೆಂದು 2012ರಲ್ಲೇ ಇಂಟೆಲ್ ಪ್ರಕಟಿಸಿತ್ತು.

ಒಂದು ಅಂತಸ್ತಿನ ಮನೆಗೆ ಇಷ್ಟೇ ಸಾಕಾಗುತ್ತದೆ. ಫೋನಿನ ವೈ-ಫೈ ಅನಲೈಸರ್ ಆಪ್‌ನಲ್ಲಿ, ನೀವು ಕೂರುವ ಜಾಗದಲ್ಲೇ, ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಒಳ್ಳೆಯದು ಬಂದರೆ ಕಾಲ್ ನಿಲ್ಲುವುದಿಲ್ಲ. ಮೈನಸ್ 75, 80 ಎಂದಿದ್ದರೆ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ, ಮುಂದಿನ ಮೂರರಲ್ಲಿ ಒಂದು ಬೇಕು.

ದಾರಿ ಎರಡು: ರಿಪೀಟರ್

ಅಗ್ಗ, ಐದು ನಿಮಿಷದ ಕೆಲಸ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಇದನ್ನು ಸಿಕ್ಕಿಸುವವರೇ ಹೆಚ್ಚು. ಅಲ್ಲಿ ಅದಕ್ಕೂ ಸಿಗ್ನಲ್ ಇಲ್ಲ, ಹರಿದ ಮಾತನ್ನೇ ಗಟ್ಟಿಯಾಗಿ ಕೂಗುತ್ತದೆ. ಫೋನಿನಲ್ಲಿ ಕಡ್ಡಿ ಪೂರ್ತಿ, ನೆಟ್ ಮಾತ್ರ ಇಲ್ಲ. ನಡುದಾರಿಯಲ್ಲಿ, ರೌಟರಿನ ಸಿಗ್ನಲ್ ಮೈನಸ್ 60ರ ಆಸುಪಾಸು ಇರುವಲ್ಲಿ ಇಡಬೇಕು. ಹಾಗಿಟ್ಟರೂ ಅದೇ ರೇಡಿಯೋ ಕೇಳಿ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ, ಪಿಂಗ್ ಕಿಟಕಿಯಲ್ಲಿ ಅಂಕಿಗಳು ಕುಣಿಯುತ್ತವೆ. ಗೇಟಿನ ಕ್ಯಾಮೆರಾ, ನೀರಿನ ಮೋಟರಿನ ಸ್ಮಾರ್ಟ್ ಸ್ವಿಚ್ ಇಂಥವಕ್ಕೆ ಸರಿ. ಆಫೀಸ್ ಕೆಲಸಕ್ಕೆ ಬೇಡ.

ದಾರಿ ಮೂರು: ಮೆಶ್

ಮನೆಯಲ್ಲಿ ಓಡಾಡುತ್ತಾ ಮಾತಾಡುವವರಿಗೆ ಮೆಶ್ ನಿಜಕ್ಕೂ ಸುಖ. ಫೋನನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವನ್ನು ರಿಪೀಟರಿಗಿಂತ ಎಷ್ಟೋ ಚೆನ್ನಾಗಿ ಮಾಡುತ್ತದೆ. ಆದರೆ ಎರಡು ಬ್ಯಾಂಡಿನ ಸಾದಾ ಮೆಶ್, ಡಬ್ಬಿಗಳ ನಡುವಿನ ಮಾತಿಗೂ ಅದೇ 5 ಗಿಗಾಹರ್ಟ್ಸ್ ಬಳಸುತ್ತದೆ, ಹಾಗಾಗಿ ರಿಪೀಟರಿನ ಅರ್ಧ ಕಾಯಿಲೆ ಇದಕ್ಕೂ ಉಂಟು. ಜಾಗವೇ ಇಲ್ಲಿ ಎಲ್ಲಾ. ಒಂದರ ನೆತ್ತಿಗೆ ನೇರವಾಗಿ ಇನ್ನೊಂದನ್ನು ಮೇಲಿನ ಅಂತಸ್ತಿನಲ್ಲಿಟ್ಟಾಗ ನಡುವಿನ ಆರ್‌ಸಿಸಿ ಸ್ಲ್ಯಾಬಿನ ಕಬ್ಬಿಣ ಕೊಂಡಿಯನ್ನು ಕೊಂದಿತು. ಎರಡನ್ನೂ ಮೆಟ್ಟಿಲಿನ ಬಾಯಿಗೆ ತಂದಾಗ ಅದೇ ಸೆಟ್ ಸರಿಯಾಯಿತು. ಸ್ಟೀಲ್ ಬೀರುವಿನ ಹಿಂದೆ, ಕನ್ನಡಿಯ ಮಗ್ಗುಲಲ್ಲಿ ಇಡಬೇಡಿ.

ಫೈಬರ್ ಡಬ್ಬಿಯ ಸ್ವಂತ ವೈ-ಫೈ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದೂ ಮೆಶ್ಶೂ ಒಂದೇ ಗಾಳಿಗೆ ಜಗಳವಾಡುತ್ತವೆ. ಮೆಶ್ಶನ್ನು ಬರೀ ವೈ-ಫೈ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಇಲ್ಲವೇ ಫೈಬರ್ ಡಬ್ಬಿಯನ್ನು ಬ್ರಿಜ್ (ರೌಟರ್ ಕೆಲಸ ಬಿಟ್ಟು ಲೈನನ್ನು ದಾಟಿಸುವ ಮೋಡ್) ಮಾಡಿಸಿ. ಡಬ್ಬಿಯಿಂದ ಡಬ್ಬಿಗೆ ಬೇಗ ದಾಟಿಸುವ ‘ಫಾಸ್ಟ್ ರೋಮಿಂಗ್’ ಆನ್ ಮಾಡಿದ ಮೇಲೆ ಪ್ರಿಂಟರ್ ಕಾಣೆಯಾದರೆ ಅದನ್ನು ಆಫ್ ಮಾಡಿ.

ದಾರಿ ನಾಲ್ಕು: ಕೇಬಲ್

ಮೇಲಿನ ಅಂತಸ್ತಿಗೆ ಒಂದು ಕ್ಯಾಟ್ 6 ಕೇಬಲ್, ತುದಿಗೆ ಒಂದು ರೌಟರ್, ಮನೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯದಾದರೂ ಆದೀತು. ಪಿಂಗ್ ಕಿಟಕಿಯಲ್ಲಿ ಒಂದೇ ಸಮನೆ ಸಾಲುಗಳು ಇಳಿದದ್ದು ಇದೊಂದರಲ್ಲೇ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಸಿಸಿಎ ಎಂದು ಮಾರುವುದು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ, ಮಡಚಿದಲ್ಲಿ ಮುರಿಯುತ್ತದೆ. ಬಿಸಿಲಿಗೆ ಬೀಳುವ ಗೋಡೆಯಾದರೆ ಹೊರಾಂಗಣದ ಕಪ್ಪು ಹೊದಿಕೆಯ ಕೇಬಲ್ ಬೇಕು.

ಕೇಬಲ್ ತುದಿಗೆ ಜ್ಯಾಕ್ ಒತ್ತಿ ಕೂರಿಸುವಾಗ (ಕ್ರಿಂಪ್) ಕ್ಲಿಪ್ ಕೆಳಗೆ ಬರುವಂತೆ ಹಿಡಿದು ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಎಂಟರಲ್ಲಿ ನೀಲಿ ಅಥವಾ ಕಂದು ಜೋಡಿಯ ಒಂದೇ ತಂತಿ ಸರಿಯಾಗಿ ಕೂರದಿದ್ದರೂ ನೆಟ್ ಬರುತ್ತದೆ, ಆದರೆ 1 ಗಿಗಾಬಿಟ್ ಬದಲು 100 ಮೆಗಾಬಿಟ್‌ಗೆ ಇಳಿದು. ಲ್ಯಾಪ್‌ಟಾಪಿಗೆ ಅದೇ ಕೇಬಲ್ ಹಾಕಿ ಈಥರ್‌ನೆಟ್ ಸ್ಟೇಟಸ್‌ನಲ್ಲಿ ವೇಗ ನೋಡಿ, 100 ಎಂದಿದ್ದರೆ ಜ್ಯಾಕ್ ಕತ್ತರಿಸಿ ಹೊಸದು ಹಾಕಿ.

ಎರಡನೇ ರೌಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇಲ್ಲದಿದ್ದರೆ ಮೂರು ಕೆಲಸ: ಅದರ ವಿಳಾಸವನ್ನು 192.168.1.2 ಮಾಡಿ (ಮೊದಲನೆಯದು 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ಹೊರಗಿನ ಲೈನಿನ ವ್ಯಾನ್ ಕಿಂಡಿ ಬಿಟ್ಟು ಮನೆಯೊಳಗಿನ ಲ್ಯಾನ್ ಕಿಂಡಿಗೆ ಸಿಕ್ಕಿಸಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಕೆಲವು ಸಾಧನಗಳಿಗೆ ಮಾತ್ರ ನೆಟ್ ಬಂದು, ಉಳಿದವಕ್ಕೆ ಬರದೆ ತಲೆ ಕೆಡುತ್ತದೆ. ಕೆಳಗಿನ ರೌಟರ್ ಚಾನೆಲ್ 36ರಲ್ಲಿದ್ದರೆ ಮೇಲಿನದು 149ರಲ್ಲಿರಲಿ; 2.4ರಲ್ಲಿ 1 ಮತ್ತು 11. ಹೆಸರು, ಪಾಸ್‌ವರ್ಡ್, ಸೆಕ್ಯೂರಿಟಿ ಎರಡೂ ರೌಟರಿಗೆ ಒಂದೇ ಇಡಿ. ಮೇಲೆ ಹೋದ ಮೇಲೂ ಫೋನು ಕೆಳಗಿನದನ್ನೇ ಹಿಡಿದುಕೊಂಡಿದ್ದರೆ ಎರಡರ ಟ್ರಾನ್ಸ್‌ಮಿಟ್ ಪವರನ್ನೂ ‘ಹೈ’ಯಿಂದ ‘ಮೀಡಿಯಂ’ಗೆ ಇಳಿಸಿ, ಮೆಟ್ಟಿಲಿನ ಅರ್ಧಕ್ಕೆ ಬರುವಷ್ಟರಲ್ಲಿ ಅದು ಕೈ ಬಿಡುತ್ತದೆ.