ಕೊಡಗಿನ ಕೆಸರಿಗೆ ಯಾವ ಪಿಕಪ್, ಯಾವ ಟಯರ್, ಎಷ್ಟು ಎತ್ತರ?

ಗಾಡಿಗಿಂತ ಮೊದಲು ಕೆಸರನ್ನು ನೋಡಬೇಕು. ಕೊಡಗಿನಲ್ಲಿ ಅದು ಎರಡು ಬಗೆ. ತೋಟದ ದಾರಿಯಲ್ಲಿ ಮೇಲೆ ಎರಡು ಮೂರು ಇಂಚು ಕೆಂಪು ಲೋಳೆ, ಅದರೊಳಗೆ ಕೊಳೆತ ಎಲೆ, ಕೆಳಗೆ ಗಟ್ಟಿ ನೆಲ. ಗದ್ದೆಯಲ್ಲಿ ಮೊಣಕಾಲುದ್ದ ಇಳಿದರೂ ತಳ ಸಿಗದ ಜೇಡಿ. ಗಾಡಿಯನ್ನು ಎತ್ತರಿಸುವ ದೊಡ್ಡ ಲಿಫ್ಟ್ ಕಿಟ್, ಅಗಲದ ಟಯರ್ ಎಲ್ಲ ಈ ಎರಡನೆಯದಕ್ಕೆ ಹೊಂದುವ ಸಾಮಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿತ್ಯ ಎದುರಾಗುವುದು ಮೊದಲನೆಯದು. ಆದ್ದರಿಂದ ದುಡ್ಡು ಹಾಕುವ ಕ್ರಮ ಹೀಗಿರಲಿ: ಮೊದಲು ಟಯರ್, ಆಮೇಲೆ ಹಿಂದಿನ ಡಿಫರೆನ್ಶಿಯಲ್ ಲಾಕ್ (ಎರಡೂ ಹಿಂಚಕ್ರ ಒಟ್ಟಿಗೇ ಸುತ್ತುವಂತೆ ಮಾಡುವುದು), ಕೊನೆಗೆ ಎತ್ತರ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಗಾಳಿಬೀಡು ಕಡೆಯ ಏರು, ಬಿರುನಾಣಿ ಕಡೆಯ ತೋಟದ ದಾರಿ, ಪೊನ್ನಂಪೇಟೆ ಬದಿಯ ಗದ್ದೆ ಅಂಚು, ಈ ಮೂರೂ ಕಡೆ ಓಡಿಸಿ ನೋಡಿದ ಮೇಲೆ ನಾವು ನಿಂತದ್ದು ಈ ಕ್ರಮಕ್ಕೇ.

ಹೋಲಿಸಿದ್ದು ಮೂರು ಗಾಡಿ: ಇಸುಜು ವಿ-ಕ್ರಾಸ್, ಟೊಯೊಟ ಹೈಲಕ್ಸ್, ಮಹೀಂದ್ರ ಬೊಲೆರೊ ಕ್ಯಾಂಪರ್ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವಂಥದು). ವಿ-ಕ್ರಾಸ್ 2016ರಲ್ಲಿ 2.5 ಲೀಟರ್ ಎಂಜಿನ್‌ನೊಂದಿಗೆ ಬಂತು, ಆಮೇಲಿನ 1.9 ಲೀಟರ್‌ನದಕ್ಕೆ 360 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಹೈಲಕ್ಸ್ 2022ರಲ್ಲಿ ಬಂದದ್ದು, 2.8 ಲೀಟರ್, ಮ್ಯಾನುವಲ್‌ನಲ್ಲಿ 420, ಆಟೊಮ್ಯಾಟಿಕ್‌ನಲ್ಲಿ 500. ಕ್ಯಾಂಪರ್‌ನ 2.5 ಲೀಟರ್ ಎಂಜಿನ್‌ನ ಟಾರ್ಕ್ ಸುಮಾರು 200. ಅಂಕಿ ನೋಡಿದರೆ ಕ್ಯಾಂಪರ್ ಲೆಕ್ಕಕ್ಕೇ ಇಲ್ಲ ಅನಿಸುತ್ತದೆ. ಲೋಳೆ ದಾರಿಯಲ್ಲಿ ಮಾತು ಬೇರೆ. ಅಲ್ಲಿ ಬಲ ಹೆಚ್ಚಾದರೆ ಚಕ್ರ ಸುತ್ತುತ್ತದೆ, ಗಾಡಿ ಏರುವುದಿಲ್ಲ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರ್), ಎರಡನೇ ಗೇರ್, ಕಾಲು ಅಲುಗಾಡಿಸದೆ ಒಂದೇ ಸಮ ಆಕ್ಸಿಲರೇಟರ್: ಇಷ್ಟು ಸಾಕಾಗುವ ಕಡೆ ಕ್ಯಾಂಪರ್ ಉಳಿದೆರಡಕ್ಕೆ ಸರಿಸಮ ಏರಿತು.

ತಿರುವಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ವಿ-ಕ್ರಾಸ್, ಹೈಲಕ್ಸ್ ಎರಡೂ 5.3 ಮೀಟರ್ ಉದ್ದ. ಕ್ಯಾಂಪರ್ ಐದು ಮೀಟರ್ ಒಳಗೆ, ಅಗಲವೂ ಸುಮಾರು ಒಂದು ಗೇಣು ಕಡಿಮೆ. ಜೀಪಿಗೆಂದು ಕಡಿದ ದಾರಿಯಲ್ಲಿ ಒಂದು ಕಡೆ ಬರೆ (ಕಡಿದ ಮಣ್ಣಿನ ಗೋಡೆ), ಇನ್ನೊಂದು ಕಡೆ ಕಾಫಿ ಗಿಡ ಇದ್ದಾಗ ಆ ಒಂದು ಗೇಣೇ ಸಾಕು. ದೊಡ್ಡ ಪಿಕಪ್‌ಗಳನ್ನು ಹಿಂದೆ ಮುಂದೆ ಮಾಡಿ ತಿರುಗಿಸಬೇಕು, ಹಿಂದೆ ಹೋಗುವಾಗಲೇ ಹಿಂಚಕ್ರ ಚರಂಡಿಗೆ ಇಳಿಯುತ್ತದೆ. ಆಳದ ಕೆಸರಿನಲ್ಲಿ ಮಾತ್ರ ಹೈಲಕ್ಸ್ ಮುಂದು: ಹಿಂದಿನ ಡಿಫ್ ಲಾಕ್ ಕಂಪನಿಯಿಂದಲೇ ಬರುತ್ತದೆ, 700 ಮಿಲಿಮೀಟರ್ ನೀರಿನಲ್ಲಿ ಹೋಗಬಹುದೆಂದು ಕಂಪನಿಯೇ ಹೇಳಿದೆ. ನಮ್ಮ ಅಭಿಪ್ರಾಯ ಇಷ್ಟೆ: ಮೂಟೆ ಹೊರುವ ತೋಟದ ಕೆಲಸಕ್ಕೆ ಕ್ಯಾಂಪರ್, ಮನೆಗೂ ತೋಟಕ್ಕೂ ಒಂದೇ ಗಾಡಿ ಬೇಕಾದವರಿಗೆ ವಿ-ಕ್ರಾಸ್, ದುಡ್ಡು ಅಡ್ಡಿಯಿಲ್ಲದವರಿಗೆ ಹೈಲಕ್ಸ್. ಹಳೆಯ ಕ್ಯಾಂಪರ್ ಕೊಳ್ಳುವಾಗ ಅದು ನಿಜಕ್ಕೂ ಫೋರ್ ವೀಲ್ ಗಾಡಿಯೇ ಎಂದು ಅಡಿಗೆ ಬಗ್ಗಿ ಮುಂಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇದೆಯೇ ನೋಡಿ; ರಸ್ತೆಯಲ್ಲಿರುವ ಬಹುಪಾಲು ಕ್ಯಾಂಪರ್ ಹಿಂಚಕ್ರಕ್ಕೆ ಮಾತ್ರ ಬಲ ಹೋಗುವ ಟೂ ವೀಲ್ ಗಾಡಿಗಳು.

ಇನ್ನು ಟಯರ್. ಡಾಂಬರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟಯರ್ ಹಾಕಿ ಕಕ್ಕಡದ (ಜುಲೈ-ಆಗಸ್ಟ್ ನಡುವಿನ ತಿಂಗಳು) ಮಳೆಯಲ್ಲಿ ಏರು ಹತ್ತಿಸಿ, ಅರ್ಧದಲ್ಲಿ ಇಳಿದು ನೋಡಿ. ಟಯರ್ ಮೈಮೇಲಿನ ಗುಬ್ಬಿಗಳ ನಡುವಿನ ಸಂದು ಒಂದೂ ಕಾಣುವುದಿಲ್ಲ. ಸಿಲ್ವರ್ ಓಕ್ ಎಲೆಯೂ ಕೆಂಪು ಮಣ್ಣೂ ಕಲೆತು ಮೆತ್ತಿಕೊಂಡು, ಸ್ಕ್ರೂ ಡ್ರೈವರ್ ಹಾಕಿ ಕೆದಕಿದರೂ ತುಂಡು ತುಂಡಾಗಿಯೇ ಬರುತ್ತದೆ. ಟಯರ್ ಬೋಳಾದಂತೆಯೇ ಲೆಕ್ಕ. ಕೆಸರಿಗೆಂದೇ ಮಾಡಿದ ಮಡ್ ಟೆರೇನ್‌ನಲ್ಲಿ ಸಂದು ಅಗಲ, ಚಕ್ರ ಸ್ವಲ್ಪ ಜೋರಾಗಿ ಸುತ್ತಿದರೆ ಮಣ್ಣು ಹಾರಿಹೋಗುತ್ತದೆ. ಆದರೆ ಅದೇ ಟಯರ್ ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿಯುವುದು ತಡ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವವರು ಇದನ್ನು ನೆನಪಿಡಲೇಬೇಕು: ವೇಗ ಇಳಿಸಿ, ಮುಂದಿನ ಗಾಡಿಯಿಂದ ದೂರ ಹೆಚ್ಚಿಸಿ. ವಾರಕ್ಕೆ ನಾಲ್ಕೈದು ದಿನ ಡಾಂಬರಿನಲ್ಲಿ ಓಡುವ ಗಾಡಿಗೆ ಆಲ್ ಟೆರೇನ್ ಜೊತೆ ಚಕ್ರಕ್ಕೆ ಸುತ್ತುವ ಒಂದು ಜೊತೆ ಚೈನ್ ಇಟ್ಟುಕೊಳ್ಳುವುದೇ ಸರಿ. ಲೋಳೆ ಏರಿನಲ್ಲಿ ಹಿಂಚಕ್ರಕ್ಕೆ ಸುತ್ತಿದ ಚೈನಿನಷ್ಟು ಕಚ್ಚಿ ಹಿಡಿಯುವುದು ಬೇರೊಂದಿಲ್ಲ. ಇಪ್ಪತ್ತು ಕಿಲೋಮೀಟರ್ ವೇಗ ದಾಟಬೇಡಿ, ಡಾಂಬರು ಸಿಕ್ಕ ತಕ್ಷಣ ಬಿಚ್ಚಿ. ಮುಂದಿನ ಚಕ್ರಕ್ಕೆ ಚೈನ್ ಹಾಕುವ ಮುಂಚೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್‌ಗೆ ತಾಗುತ್ತದೆಯೇ ನೋಡಲೇಬೇಕು.

ಅಗಲದ ವಿಚಾರದಲ್ಲಿ ತಪ್ಪು ತಿಳಿವಳಿಕೆ ಬಹಳ. ಟಯರ್ ಮೇಲಿನ ಮೊದಲ ಅಂಕಿ ಮಿಲಿಮೀಟರ್ ಲೆಕ್ಕದ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಬದಿಯ ಎತ್ತರ, ಆರ್ ನಂತರದ್ದು ರಿಮ್‌ನ ಇಂಚು. 265/70 ಆರ್17 ಮತ್ತು 235/85 ಆರ್16 ಎರಡೂ ಹೆಚ್ಚು ಕಡಿಮೆ ಒಂದೇ ಎತ್ತರ, 805 ಮಿಲಿಮೀಟರ್ ಆಸುಪಾಸು. ತೋಟದ ದಾರಿಯಲ್ಲಿ 235 ಲೋಳೆಯನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ, 265 ಮೇಲೆಯೇ ತೇಲಿ ಅಡ್ಡ ಜಾರುತ್ತದೆ. ಗದ್ದೆಯಲ್ಲಿ ಇದಕ್ಕೆ ತದ್ವಿರುದ್ಧ. ಹಳೆಯ ಜೀಪುಗಳು ಕಿರಿದಾದ 6.00-16 ಟಯರ್‌ನಲ್ಲೇ ಈ ದಾರಿಗಳನ್ನೆಲ್ಲ ಹತ್ತಿದವು. ವಿ-ಕ್ರಾಸ್‌ಗೆ 16 ಇಂಚಿನ ರಿಮ್ ಹಾಕುವುದಾದರೆ ಅದು ಬ್ರೇಕ್ ಕ್ಯಾಲಿಪರ್‌ಗೆ ತಾಗದೆ ಸುತ್ತುತ್ತದೆಯೇ ಎಂದು ಒಂದು ರಿಮ್ ಕೂರಿಸಿ ನೋಡಿದ ಮೇಲೆ ಉಳಿದದ್ದು ಕೊಳ್ಳಿ. ಸ್ಟೆಪ್ನಿಯೂ ಅಡಿಯ ಜಾಗದಲ್ಲಿ ಕೂರಬೇಕು. ಕಂಪನಿಯ 255/60 ಆರ್18ಕ್ಕಿಂತ ಈ 235/85 ಟಯರ್ ಸುಮಾರು ಐದು ಶೇಕಡಾ ದೊಡ್ಡದು. ಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಇರುತ್ತದೆ.

ಗಾಳಿ: ಡಾಂಬರಿಗೆ 32ರಿಂದ 35 ಪಿಎಸ್‌ಐ, ತೋಟದ ಏರಿಗೆ 22, ಖಾಲಿ ಗಾಡಿ ಗದ್ದೆಗೆ ಇಳಿಯುವಾಗ 16ರಿಂದ 18. ಅಡ್ಡ ಇಳಿಜಾರಿನಲ್ಲಿ 15ಕ್ಕಿಂತ ಇಳಿಸಿದರೆ ಟಯರ್ ರಿಮ್ ಬಿಟ್ಟು ಕಳಚುತ್ತದೆ. ಲೋಡ್ ಇದ್ದಾಗ ಇಷ್ಟು ಇಳಿಸಲೇಬಾರದು. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಅದಕ್ಕೇ ಚಕ್ರ ಸುತ್ತುವುದು. 50 ಕಿಲೋದ ಮೂರು ನಾಲ್ಕು ಮೂಟೆ ಮರಳನ್ನು ಹಿಂದಿನ ಆಕ್ಸಲ್‌ನ ನೇರ ಮೇಲೆ ಹಗ್ಗ ಹಾಕಿ ಬಿಗಿದರೆ, ಖರ್ಚಿಲ್ಲದೆ ಸಿಗುವ ಹಿಡಿತ.

ಎತ್ತರಿಸುವ ಮುಂಚೆ ಒಂದು ಸತ್ಯ ತಿಳಿದಿರಲಿ. ಹಿಂದಿನ ಆಕ್ಸಲ್‌ನ ಗುಂಡಿಗೆ, ಅಂದರೆ ನೆಲಕ್ಕೆ ಮೊದಲು ತಾಗುವ ಡಿಫ್ ಹೌಸಿಂಗ್‌ಗೆ, ಲಿಫ್ಟ್ ಕಿಟ್‌ನಿಂದ ಒಂದು ಮಿಲಿಮೀಟರ್ ಎತ್ತರವೂ ಸಿಗುವುದಿಲ್ಲ. ಅದು ಏರುವುದು ಟಯರ್ ದೊಡ್ಡದಾದಾಗ ಮಾತ್ರ, ಅದೂ ವ್ಯಾಸದಲ್ಲಿ ಹೆಚ್ಚಾದುದರ ಅರ್ಧ. ಮೇಲೆ ಹೇಳಿದ ಬದಲಾವಣೆಯಲ್ಲಿ ಸಿಗುವುದು ಎರಡು ಸೆಂಟಿಮೀಟರ್. ಲಿಫ್ಟ್ ಬೇಕಿರುವುದು ಆ ಟಯರ್ ಮಡ್‌ಗಾರ್ಡ್‌ಗೆ ಉಜ್ಜದಿರಲು, ಮುಂದಿನ ತುಟಿ, ಫುಟ್‌ಬೋರ್ಡ್ ತಾಗದಿರಲು.

ವಿ-ಕ್ರಾಸ್, ಹೈಲಕ್ಸ್ ಮುಂಭಾಗಕ್ಕೆ ದಾರಿ ಎರಡು. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಭಾಗ) ಮೇಲೆ ಸ್ಪೇಸರ್ ಎಂಬ ಬಿಲ್ಲೆ ಕೂರಿಸುವುದು ಅಗ್ಗ; 25 ಮಿಲಿಮೀಟರ್ ಸ್ಪೇಸರ್ ಚಕ್ರದ ಹತ್ತಿರ ಹೆಚ್ಚು ಕಡಿಮೆ ಅದರ ಎರಡರಷ್ಟು ಎತ್ತುತ್ತದೆ. ಆದರೆ ಚಕ್ರ ಕೆಳಗೆ ಇಳಿಯುವ ಜಾಗ ಅಷ್ಟು ಕಡಿಮೆಯಾಗಿ, ಗುಂಡಿಗೆ ಇಳಿದಾಗಲೆಲ್ಲ ಮೇಲಿನ ಬಾಲ್ ಜಾಯಿಂಟ್‌ಗೆ ಪೆಟ್ಟು. ಎರಡನೆಯದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡನ್ನೂ ಬದಲಿಸುವುದು. ಖರ್ಚು ಹೆಚ್ಚು, ಆದರೆ ನಾವು ಹೇಳುವುದು ಇದನ್ನೇ. ಯಾವುದೇ ದಾರಿಯಾದರೂ ಚಕ್ರದ ಹತ್ತಿರ ಸಿಗುವ ಎತ್ತರವನ್ನು 40 ಮಿಲಿಮೀಟರ್‌ಗೆ ನಿಲ್ಲಿಸಿ. 50 ದಾಟಿದರೆ ಡ್ರೈವ್ ಶಾಫ್ಟ್‌ನ ಕೋನ ಕಡಿದಾಗಿ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಹರಿದ ಬೂಟಿನೊಳಗೆ ಕೆಂಪು ಮಣ್ಣು ಹೊಕ್ಕರೆ ಜಾಯಿಂಟ್ ಬೇಗ ಸವೆದು, ತಿರುವಿನಲ್ಲಿ ಟಕ್ ಟಕ್ ಸದ್ದು ಶುರುವಾಗುತ್ತದೆ.

ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಬ್ಲಾಕ್ (ಆಕ್ಸಲ್, ಸ್ಪ್ರಿಂಗ್ ನಡುವಿನ ಗಟ್ಟಿ) ಇಡಿಸಬೇಡಿ. ಜೋರು ಎಳೆತದಲ್ಲಿ ಆಕ್ಸಲ್ ತಿರುಚಿಕೊಂಡು ಹಿಂಭಾಗ ಕುಪ್ಪಳಿಸುತ್ತದೆ. ಉದ್ದ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ) ಹಾಕಿದರೆ ಹೆಚ್ಚಿಸಿದ ಉದ್ದದ ಅರ್ಧದಷ್ಟೇ ಗಾಡಿ ಏಳುತ್ತದೆ, ಜೊತೆಗೆ ಡಿಫ್‌ನ ಮೂತಿಯ ಕೋನವೂ ಕೆಡುತ್ತದೆ. ಮೂಟೆ ಹೊರುವ ಗಾಡಿಗೆ ಒಂದು ಪ್ಲೇಟ್ ಸೇರಿಸುವುದು ಸಾಕು, ಮನೆ ಗಾಡಿಗೆ ಪೂರ್ತಿ ಸೆಟ್ ಬದಲಿಸಿದರೆ ಕುಲುಕಾಟ ಕಡಿಮೆ. ಯೂ ಬೋಲ್ಟ್ ಹೊಸದೇ ಹಾಕಿಸಿ, 500 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿಸಿ. ಅಲೈನ್‌ಮೆಂಟ್ ಮಾಡಿಸದೆ ಗ್ಯಾರೇಜಿನಿಂದ ಹೊರಗೆ ತರಬೇಡಿ.

ಲಾಕ್ ಮೊದಲೋ, ಹಗ್ಗದಿಂದ ಗಾಡಿಯನ್ನು ಎಳೆಯುವ ವಿಂಚ್ ಮೊದಲೋ? ಲಾಕ್ ಇಲ್ಲದ ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಒಂದು, ಹಿಂದಿನ ಒಂದು ಚಕ್ರ ಸುತ್ತಿದರೆ ಉಳಿದೆರಡು ಸುಮ್ಮನೆ ನಿಲ್ಲುತ್ತವೆ. ಆದ್ದರಿಂದ ಲಾಕ್ ಮೊದಲು. ಒಂದು ಎಚ್ಚರಿಕೆ: ದಾರಿ ಒಂದು ಬದಿಗೆ ವಾಲಿದ ಕಡೆ ಲಾಕ್ ಹಾಕಿದರೆ ಎರಡೂ ಹಿಂಚಕ್ರ ಒಟ್ಟಿಗೆ ಜಾರಿ ಗಾಡಿಯ ಬಾಲ ಇಳಿಜಾರಿನ ಕಡೆಗೆ ಹೋಗುತ್ತದೆ. ಅಲ್ಲಿ ತೆಗೆದುಬಿಡಿ. ಒಂಟಿಯಾಗಿ ಓಡಾಡುವವರಿಗೆ ವಿಂಚ್ ಬೇಕೇ ಬೇಕು. ಗಾಡಿಯ ಒಟ್ಟು ತೂಕದ ಒಂದೂವರೆ ಪಾಲು ಎಳೆಯುವಂಥದು. ಬಂಪರ್ ಸೇರಿ ಮೂತಿಗೆ ಭಾರ ಬೀಳುವುದರಿಂದ ಮುಂದಿನ ಸ್ಪ್ರಿಂಗ್ ಆರಿಸುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ವಿಂಚ್ ಹಗ್ಗವನ್ನು ಹಾಲುವಾಣಕ್ಕೆ ಎಂದೂ ಕಟ್ಟಬೇಡಿ, ಮೆತ್ತನೆ ಮರ. ಸಿಲ್ವರ್ ಓಕ್‌ಗೆ ಕಟ್ಟಿದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹಾಳು. ಬಳ್ಳಿ ಇಲ್ಲದ ಹಲಸೋ ಬೀಟೆಯೋ ನೋಡಿ, ಅಗಲದ ಪಟ್ಟಿ ಸುತ್ತಿ, ಬುಡಕ್ಕೆ ಹತ್ತಿರ ಕಟ್ಟಿ.

ಎಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯುವ ಸ್ನಾರ್ಕೆಲ್‌ಗಿಂತ ಮುಂಚೆ, ಡಿಫ್‌ನೊಳಗೆ ಗಾಳಿ ಆಡಿಸುವ ಬ್ರೀದರ್ ಪೈಪನ್ನು ಹಿಂದಿನ ದೀಪದ ಎತ್ತರಕ್ಕೆ ಏರಿಸಿ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗಲೂ ಡಿಫ್‌ನ ಪ್ಲಗ್ ಬಿಚ್ಚಿಸಿ ಈ ಬಣ್ಣ ಇದೆಯೇ ನೋಡಿ. ಸೀಟಿನ ಕಂಬಿ, ಕಾರ್ಪೆಟ್ ಅಡಿ, ಚಾಸಿಸ್‌ನ ತೂತುಗಳಲ್ಲಿ ಬೆರಳು ಹಾಕಿ ನೋಡಿ. ಸೀಟಿನ ಕೆಳಗೆ ನಯವಾದ ಮಣ್ಣು ಸಿಕ್ಕರೆ ಆ ಗಾಡಿ ನೀರಿನಲ್ಲಿ ಮುಳುಗಿದ್ದು.

ಕಾನೂನನ್ನೂ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವುದೂ ಇದೇ ಕಾರಣಕ್ಕೆ. ಏನು ಹಾಕಿಸುವ ಮೊದಲೂ ಆರ್‌ಟಿಒ ಕಚೇರಿಯಲ್ಲಿ, ವಿಮೆ ಕಂಪನಿಯಲ್ಲಿ ಬರಹದಲ್ಲಿ ಕೇಳಿ.

ಕೆಸರಿನಿಂದ ಬಂದ ದಿನವೇ ಚಾಸಿಸ್ ಒಳಕ್ಕೂ ರಿಮ್‌ನ ಒಳಮೈಗೂ ನೀರು ಹೊಡೆಯಿರಿ. ರಿಮ್‌ನಲ್ಲಿ ಒಣಗಿದ ಮಣ್ಣು ಉಳಿದರೆ ಮರುದಿನ ಐವತ್ತರ ವೇಗಕ್ಕೆ ಸ್ಟಿಯರಿಂಗ್ ನಡುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್‌ನ ನಿಪ್ಪಲ್‌ಗಳಿಗೆ ಹಳೆಯ ಗ್ರೀಸ್ ನೀರಿನ ಸಮೇತ ಹೊರಬರುವವರೆಗೆ ಹೊಸದು ತುಂಬಿಸಿ.